ಮುಖದಲ್ಲಿ ಏನೂ ಇರಕೂಡದು

ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದು ಇದ್ದೇ ಇತ್ತು. ಆದರೆ ಇಪ್ಪತ್ತಾರು ವರ್ಷಗಳಿಂದ ಒಂದೇ ಸ್ಟೂಲಿನ ಮುಂದೆ ನಿಂತು, ಅದರ ಮೇಲೆ ಕೂತ ಪ್ರತಿಯೊಬ್ಬರಿಗೂ “ಅಲ್ಲಾಡ್ಬೇಡಿ” ಎಂದು ಒಂದೇ ಮಾತು ಹೇಳುತ್ತ ಬಂದದ್ದರಿಂದ ಬೀದಿಯವರು ಹೆಸರನ್ನು ಮರೆತು ಮಾತನ್ನು ಉಳಿಸಿಕೊಂಡಿದ್ದರು. ಅಲ್ಲಾಡಬೇಡಿಯವರ ಸ್ಟುಡಿಯೋ ಎಂದರೆ ಅಂಚೆಯವನಿಗೂ ಗೊತ್ತು. ಬೋರ್ಡಿನ ಮೇಲಿದ್ದ ಹೆಸರು ಹೇಳಿದರೆ ಅವನೂ ತಲೆ ಕೆರೆದುಕೊಳ್ಳುತ್ತಿದ್ದ.

ಸ್ಟುಡಿಯೋ ಎಂದರೆ ಎಂಟಡಿ ಅಗಲದ ಒಂದು ಕೋಣೆ. ಒಂದು ಬದಿಗೆ ಇಸ್ತ್ರಿ ಅಂಗಡಿ, ಇನ್ನೊಂದು ಬದಿಗೆ ಜೆರಾಕ್ಸ್ ಅಂಗಡಿ. ಒಳಗೆ ಬಿಳಿ ಛತ್ರಿ ಕಟ್ಟಿದ ಎರಡು ದೀಪ, ಗೋಡೆಗೆ ಇಳಿಬಿಟ್ಟ ಒಂದು ಬಿಳಿ ಬಟ್ಟೆ, ಅದರ ಹಿಂದೆ ಒಂದು ನೀಲಿ ಬಟ್ಟೆ. ಕನ್ನಡಿಯ ಪಕ್ಕದಲ್ಲಿ, ಯಾರೂ ಜೇಬಿಗೆ ಹಾಕಿಕೊಂಡು ಹೋಗದಂತೆ ದಾರ ಕಟ್ಟಿದ ಬಾಚಣಿಗೆ. ಮೊಳೆಗೆ ತೂಗುಹಾಕಿದ ಒಂದು ಕರಿ ಕೋಟು. ಸಣಕಲರು ಬಂದರೆ ಬೆನ್ನ ಹಿಂದೆ ಬಟ್ಟೆ ಕ್ಲಿಪ್ಪು ಹಾಕಿ ಅದನ್ನು ಬಿಗಿ ಮಾಡಬೇಕು. ದಪ್ಪಗಿನವರು ಬಂದರೆ ಮುಂದಿನಿಂದಷ್ಟೇ ಹೊದಿಸಿ ಉಸಿರು ಹಿಡಿಯಲು ಹೇಳಬೇಕು. ಊರಿನ ಅರ್ಧ ಜನ ಆ ಒಂದೇ ಕೋಟಿನಲ್ಲಿ ತಮ್ಮ ತಮ್ಮ ಗುರುತಿನ ಚೀಟಿಗಳ ಮೇಲೆ ಗಂಭೀರವಾಗಿ ಕೂತಿದ್ದರು. ಸ್ಟುಡಿಯೋ ಹಿಂಬಾಗಿಲಿಗೆ ಒಂದು ಪರದೆ. ಪರದೆಯ ಆಚೆ ಅವರ ಮನೆ: ಎರಡು ಕೋಣೆ, ಒಂದು ಅಡುಗೆಮನೆ, ಒಬ್ಬ ಹೆಂಡತಿ.

ಹೀಗೆ ಅಲುಗದೆ ನಿಂತಿದ್ದ ಬದುಕಿಗೆ ಕೈ ಹಾಕಿದವನು ಬಾಮೈದ. ಅವನು ಪೇಟೆಯಲ್ಲಿ ಮೊಬೈಲ್ ಮಾರುತ್ತಿದ್ದ. ಮೊಬೈಲಿನಲ್ಲಿ ಕ್ಯಾಮೆರಾ ಇರುವುದರಿಂದ ಫೋಟೋದ ವಿಷಯದಲ್ಲಿ ತನಗೆ ತಿಳಿಯದ್ದಿಲ್ಲ ಎಂದು ನಂಬಿದ್ದ. ಒಂದು ಭಾನುವಾರ ಅಕ್ಕನ ಮನೆಗೆ ಊಟಕ್ಕೆ ಬಂದವನು ತಟ್ಟೆಯ ಮುಂದೆ ಕೂತು ಗಂಟಲು ಸರಿಮಾಡಿಕೊಂಡ.

“ಭಾವ, ಒಂದು ಮಾತು ಹೇಳ್ತೀನಿ. ಬೇಜಾರು ಮಾಡ್ಕೋಬಾರ್ದು.”

ಹಾಗೆಂದು ಶುರುಮಾಡುವವರು ಬೇಜಾರು ಮಾಡುವುದಕ್ಕೇ ಬಂದಿರುತ್ತಾರೆಂದು ಅಲ್ಲಾಡಬೇಡಿಯವರಿಗೆ ಗೊತ್ತಿತ್ತು. “ಹೇಳಪ್ಪ,” ಎಂದರು.

“ನೀವು ತೆಗೆಯೋದು ಏನು?”

“ಫೋಟೋ.”

“ಅದನ್ನ ಕನ್ನಡದಲ್ಲಿ ಏನಂತಾರೆ?”

“ಭಾವಚಿತ್ರ.”

“ಹಾಂ, ಅಲ್ಲಿಗೆ ಬಂದ್ರಿ. ಭಾವಚಿತ್ರ! ಎಲ್ಲಿದೆ ಭಾವ?”

“ಇಲ್ಲೇ ಕೂತಿದೀನಲ್ಲೋ.”

“ಆ ಭಾವ ಅಲ್ಲ ಭಾವ! ಮುಖದಲ್ಲಿರೋ ಭಾವ. ನೀವು ತೆಗೆದ ಒಂದೊಂದು ಮುಖಾನೂ ಗೋಡೆಗೆ ಹೊಡೆದ ಮೊಳೆ ಥರ ಇದೆ. ನಡುವೆ ಒಂದು ತಲೆ, ಎರಡು ಕಿವಿ. ಅಷ್ಟೇ. ಅದರಲ್ಲಿ ಮನುಷ್ಯ ಎಲ್ಲಿದಾನೆ?”

ಅಲ್ಲಾಡಬೇಡಿಯವರು ಸಹಾಯಕ್ಕೆಂದು ಮನೆಯಾಕೆಯ ಮುಖ ನೋಡಿದರು. ಆಕೆ, “ಮೊದ್ಲು ಊಟ ಮಾಡಿ, ಆರಿ ಹೋಗುತ್ತೆ,” ಎಂದರು. ಯಾವ ಪಕ್ಷವೆಂದು ತಿಳಿಯಲಿಲ್ಲ.

ಅಂದು ಊಟ ಆರಿಯೇ ಹೋಯಿತು. ಬಾಮೈದ ಹೋದ ಮೇಲೆ ಅವರು ಸ್ಟುಡಿಯೋದ ಗಾಜಿನ ಕಪಾಟಿನ ಮುಂದೆ ನಿಂತು ತಾವು ತೆಗೆದ ಮುಖಗಳನ್ನು ಒಂದೊಂದಾಗಿ ನೋಡಿದರು. ನಿಜ, ಎಲ್ಲವೂ ಒಂದೇ ಬಸ್ಸಿಗೆ ಕಾಯುತ್ತಿರುವವರ ಹಾಗಿದ್ದವು.

ಮುಂದಿನ ವಾರವೇ ಬಾಮೈದ ಒಂದು ಕರಪತ್ರ ತಂದ. ‘ಭಾವಚಿತ್ರ: ಚೌಕಟ್ಟು ಮತ್ತು ಹೃದಯ. ಎರಡು ದಿನದ ಕಾರ್ಯಾಗಾರ.’ ಅಲ್ಲಾಡಬೇಡಿಯವರು ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿಗೆ ಅಂಗಡಿ ಮುಚ್ಚಿ, ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಹೋದರು.

ಕಲಿಸಲು ಬಂದ ಗುರುಗಳು ನರೆತ ಕೂದಲನ್ನು ಹಿಂದಕ್ಕೆ ಕಟ್ಟಿ, ಆ ಸೆಕೆಯಲ್ಲೂ ಕೊರಳಿಗೆ ಶಾಲು ಸುತ್ತಿಕೊಂಡಿದ್ದರು. ಅವರ ದನಿ ಎಷ್ಟು ಮೆಲುವಾಗಿತ್ತೆಂದರೆ ಹಿಂದಿನ ಸಾಲಿನವರು ಮುಂದಕ್ಕೆ ಬಾಗಿ ಬಾಗಿ ಮುಂದಿನ ಸಾಲಿನವರ ಹೆಗಲ ಮೇಲೆಯೇ ಇದ್ದರು.

“ಮುಖಾನ ಚೌಕಟ್ಟಿನ ನಟ್ಟನಡುವೆ ಕೂರಿಸೋನು ಕಲಾವಿದ ಅಲ್ಲ, ಗುಮಾಸ್ತ,” ಎಂದರು ಗುರುಗಳು. “ಚೌಕಟ್ಟನ್ನ ಮನಸ್ಸಲ್ಲೇ ಮೂರು ಪಾಲು ಮಾಡಿ. ಮುಖ ಒಂದು ಪಾಲಿಗೆ ಇರ್ಲಿ. ಉಳಿದದ್ದು ಖಾಲಿ ಬಿಡಿ. ಆ ಖಾಲಿ ಜಾಗದಲ್ಲೇ ಅವರ ಬದುಕು ಇರೋದು. ಇನ್ನು ಕ್ಯಾಮೆರಾ ಎತ್ತೋ ಮೊದಲು ಅವರನ್ನ ಮಾತಾಡಿಸಿ. ಯಾರೂ ಕೇಳದೇ ಇರೋದನ್ನ ಕೇಳಿ. ಉತ್ತರ ಬಾಯಿಗೆ ಬರೋದಕ್ಕಿಂತ ಮುಂಚೆ ಕಣ್ಣಿಗೆ ಬರುತ್ತೆ. ಆವಾಗ ಒತ್ತಿ.”

ಅಲ್ಲಾಡಬೇಡಿಯವರು ಎಲ್ಲವನ್ನೂ ಬರೆದುಕೊಂಡು ಕೈ ಎತ್ತಿದರು. “ಸಾರ್, ಪಾಸ್‌ಪೋರ್ಟ್ ಸೈಜಿನಲ್ಲಿ ಬದುಕಿಗೆ ಎಷ್ಟು ಜಾಗ ಬಿಡ್ಬೇಕು?”

ಇಡೀ ತರಗತಿ ತಿರುಗಿ ನೋಡಿತು. ಗುರುಗಳು ಒಂದು ಕ್ಷಣ ಕಣ್ಣು ಮುಚ್ಚಿ, “ಬಹಳ ಆಳವಾದ ಪ್ರಶ್ನೆ,” ಎಂದು ಹೇಳಿ ಚಹಾಕ್ಕೆ ಎದ್ದುಹೋದರು. ಅದನ್ನು ಅಲ್ಲಾಡಬೇಡಿಯವರು ಮೆಚ್ಚುಗೆ ಎಂದೇ ತಿಳಿದರು. ಮುಂದಾದ ಅನಾಹುತಗಳಿಗೆ ಆ ಚಹಾವೇ ಮೂಲವೆಂದರೆ ತಪ್ಪಾಗದು.

ಮೂರನೆಯ ದಿನ ಅವರು ಪ್ರಮಾಣಪತ್ರಕ್ಕೆ ಪ್ಲಾಸ್ಟಿಕ್ ಹೊದಿಸಿಕೊಳ್ಳಲು ಪಕ್ಕದ ಜೆರಾಕ್ಸ್ ಅಕ್ಕನ ಹತ್ತಿರ ಹೋದರು. ಅಕ್ಕ ಕನ್ನಡಕ ಏರಿಸಿ ಓದಿದರು.

“ಹೃದಯ ಅಂತ ಬರೆದಿದೆಯಲ್ರೀ. ಎಲ್ಲ ನಾರ್ಮಲ್ ತಾನೆ?”

“ಇದು ಡಾಕ್ಟರ್ ರಿಪೋರ್ಟಲ್ಲ ಅಕ್ಕ. ಕಲೆ.”

“ಓ,” ಎಂದರು ಅಕ್ಕ. ಅವರ ಮುಖ ನೋಡಿದರೆ ಡಾಕ್ಟರ್ ರಿಪೋರ್ಟೇ ವಾಸಿಯಿತ್ತು ಎನ್ನುವಂತಿತ್ತು.

ಕಲೆಯ ಮೊದಲ ಗಿರಾಕಿ ಬಸ್ ಡ್ರೈವರ್. ಅಗಲ ಹೆಗಲಿನ ಆಳು, ಪೊದೆ ಮೀಸೆ, ಮಾತು ಕಡಿಮೆ. ಲೈಸೆನ್ಸಿಗೆ ಫೋಟೋ ಬೇಕಿತ್ತು. ಬಂದವನೇ ಪದ್ಧತಿಯಂತೆ ದಾರ ಕಟ್ಟಿದ ಬಾಚಣಿಗೆಯಿಂದ ಮೀಸೆ ಬಾಚಿಕೊಂಡು, ಸ್ಟೂಲಿನ ಮೇಲೆ ಕೂತು, ಉಸಿರು ಬಿಗಿಹಿಡಿದ. ಎದುರಿನಿಂದ ‘ಅಲ್ಲಾಡ್ಬೇಡಿ’ ಬರಲಿಲ್ಲ. ಬದಲು ಅಲ್ಲಾಡಬೇಡಿಯವರು ಒಂದು ಕುರ್ಚಿ ಎಳೆದುಕೊಂಡು ಅವನ ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಕೂತು, ಕಣ್ಣಲ್ಲಿ ಕಣ್ಣಿಟ್ಟು, ಗುರುಗಳ ಮೆಲುದನಿಯಲ್ಲಿ ಕೇಳಿದರು: “ಜೀವನದಲ್ಲಿ ನೀವು ಕಳಕೊಂಡಿದ್ದು ಏನು?”

“ಲೈಸೆನ್ಸು,” ಎಂದ ಡ್ರೈವರ್. “ಅದಕ್ಕೇ ಬಂದಿದ್ದು.”

“ಅದಲ್ಲ. ಅದಕ್ಕಿಂತ ಒಳಗಿಂದು.”

“ಪರ್ಸೂ ಹೋಯ್ತು. ಅದರೊಳಗಿತ್ತು ಲೈಸೆನ್ಸು.”

“ಮನಸ್ಸಿನ ಒಳಗಿಂದು ಕೇಳ್ತಿರೋದು.”

ಡ್ರೈವರ್ ಬಾಗಿಲ ಕಡೆ ನೋಡಿದ, ದೀಪದ ಕಡೆ ನೋಡಿದ. ಎದ್ದುಹೋಗಲು ಮಂಡಿ ಅಡ್ಡ ಇತ್ತು. ಆಮೇಲೆ ಯಾಕೋ ಏನೋ, ಹದಿನಾಲ್ಕು ವರ್ಷ ತಾನು ಓಡಿಸಿದ ಹಳೇ ಬಸ್ಸಿನ ಸುದ್ದಿ ಎತ್ತಿದ. ಗೇರು ಹಾಕಿದರೆ ಮುದುಕಿಯ ಹಾಗೆ ಕೆಮ್ಮುತ್ತಿತ್ತಂತೆ. ಏರಿನಲ್ಲಿ ‘ಬಾರೇ ತಾಯಿ’ ಅಂದರೆ ಹತ್ತುತ್ತಿತ್ತಂತೆ. ಹೋದ ತಿಂಗಳು ಗುಜರಿಗೆ ಹಾಕಿದರಂತೆ. “ಸೀಟು ಬಿಚ್ಚೋವಾಗ ನಾನು ಅಲ್ಲೇ ಇದ್ದೆ ಸಾರ್...” ಎನ್ನುವಷ್ಟರಲ್ಲಿ ಅವನ ಕಣ್ಣು ತುಂಬಿತು. ಕ್ಲಿಕ್.

ಫೋಟೋ ಬಂತು. ಎಡಗಡೆಯ ಪಾಲಿನಲ್ಲಿ ಡ್ರೈವರ್, ಮೀಸೆಯ ಮೇಲೆ ಒದ್ದೆ ಕಣ್ಣು. ಬಲಗಡೆ ಎರಡು ಪಾಲು ಖಾಲಿ ಗೋಡೆ. ಡ್ರೈವರ್ ಅದನ್ನು ಹಿಡಿದುಕೊಂಡು ತುಂಬ ಹೊತ್ತು ನಿಂತ. “ಸಾರ್, ಇದು ನಾನೇನಾ?” ಎಂದ. ಹೋಗುವಾಗ ಅಲ್ಲಾಡಬೇಡಿಯವರ ಎರಡೂ ಕೈ ಹಿಡಿದು ಅಲ್ಲಾಡಿಸಿಬಿಟ್ಟ.

ಆಮೇಲೆ ಅವರನ್ನು ಹಿಡಿಯುವವರಿರಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಆ ಸ್ಟೂಲಿನ ಮೇಲೆ ಅತ್ತವರ ಸಂಖ್ಯೆ ನಲವತ್ತರ ಹತ್ತಿರ ಬಂತು. ಹೊರಗೆ ಸರದಿಯಲ್ಲಿ ಕಾಯುವವರು ಒಳಗಿನ ಬಿಕ್ಕಳಿಕೆ ಕೇಳಿ ಹಲ್ಲು ಡಾಕ್ಟರ ಬಾಗಿಲಲ್ಲಿ ಕೂತವರಂತೆ ಮುದುಡುತ್ತಿದ್ದರು. ಇಸ್ತ್ರಿಯವನು ಗಿರಾಕಿಗಳಿಗೆ, “ಫೋಟೋ ತೆಗೆಸಿಕೊಂಡು ಆಮೇಲೆ ಶರ್ಟು ಕೊಡಿ, ಹೇಗೂ ಒದ್ದೆ ಆಗುತ್ತೆ,” ಎಂದು ಬುದ್ಧಿ ಹೇಳತೊಡಗಿದ.

ಆ ಸಾಲಿನಲ್ಲಿ ಒಬ್ಬರು ರಿಟೈರಾದ ಟೀಚರಮ್ಮ. ಎಪ್ಪತ್ತೆಂಟು ವರ್ಷ. ಪಿಂಚಣಿಯವರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆಂದು ಅರ್ಜಿ ಕೊಟ್ಟು, ಅದಕ್ಕೆ ಸಾಕ್ಷಿಯಾಗಿ ಹೊಸ ಫೋಟೋ ಅಂಟಿಸಬೇಕಿತ್ತು. ಮೂವತ್ತೈದು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದ ಆಕೆಯನ್ನು ಯಾರೂ ಏನೂ ಕೇಳಿರಲಿಲ್ಲವೋ ಏನೋ, ಅಲ್ಲಾಡಬೇಡಿಯವರು ಕೇಳಿದ್ದೇ ತಡ, ತೀರಿಹೋದ ತಂಗಿಯ ಕಥೆ ಶುರುಮಾಡಿ ಮುಕ್ಕಾಲು ಗಂಟೆ ಹೇಳಿದರು. ತಂಗಿ ತಮಗೆ ಜಡೆ ಹಾಕುತ್ತಿದ್ದ ಬೆರಳುಗಳ ನೆನಪು ಬಂದಾಗ ತಲೆ ಸ್ವಲ್ಪ ಹಿಂದಕ್ಕೆ ವಾಲಿಸಿ ಹಾಯಾಗಿ ಕಣ್ಣು ಮುಚ್ಚಿದರು. ಅಲ್ಲಾಡಬೇಡಿಯವರು ಸದ್ದಾಗದಂತೆ ಒಂದು ದೀಪ ಆರಿಸಿ, ಅರ್ಧ ಮುಖ ಕತ್ತಲಿಗೆ ಬಿಟ್ಟು, ಒತ್ತಿದರು. ಅಷ್ಟು ಒಳ್ಳೆಯ ಚಿತ್ರವನ್ನು ಅವರು ತಮ್ಮ ಜನ್ಮದಲ್ಲಿ ತೆಗೆದಿರಲಿಲ್ಲ. ಟೀಚರಮ್ಮನೂ ಅದನ್ನೇ ಹೇಳಿದರು.

ಊರಿನಲ್ಲಿ ಯಾವ ಚೀಟಿ ಬೇಕಾದರೂ ಗುರುತಿನ ಚೀಟಿ ಕಚೇರಿಯ ಮೂರನೆಯ ಕೌಂಟರಿಗೇ ಹೋಗಬೇಕು. ಅಲ್ಲಿನ ಗುಮಾಸ್ತ ಡ್ರೈವರನ ಅರ್ಜಿಯನ್ನು ತಿರುಗಿಸಿ ಮುರುಗಿಸಿ ನೋಡಿದ.

“ಇದು ಜಂಟಿ ಅರ್ಜಿಯಾ?”

“ಅಲ್ಲ ಸಾರ್, ನನ್ನೊಬ್ಬಂದೇ.”

“ಮತ್ತೆ ಪಕ್ಕದಲ್ಲಿ ಯಾರು ಬರಬೇಕಿತ್ತು? ಇಷ್ಟು ಜಾಗ ಬಿಟ್ಟಿದೀರಲ್ಲ.”

“ಅಲ್ಲಿ ನನ್ನ ಬದುಕು ಇದೆಯಂತೆ ಸಾರ್.”

ಗುಮಾಸ್ತ ಅವನನ್ನು ಎರಡನೆಯ ಸಲ ನೋಡಿದ. “ಕಣ್ಣಲ್ಲಿ ನೀರು ಸೋರ್ತಾ ಇದೆ. ಹೀಗೆ ಯಾವಾಗಲೂ ಸೋರುತ್ತಾ? ಬಸ್ಸು ಓಡಿಸೋವಾಗಲೂ?” ಎಂದು ಕೇಳಿ, ಉತ್ತರಕ್ಕೆ ಕಾಯದೆ, ‘ಕಣ್ಣಿನ ಪರೀಕ್ಷೆಗೆ ಕಳುಹಿಸುವುದು’ ಎಂದು ಕೆಂಪು ಶಾಯಿಯಲ್ಲಿ ಬರೆದ. ಡಿಪೋದವರು ಡ್ರೈವರನನ್ನು ಬಸ್ಸಿನಿಂದ ಇಳಿಸಿ, ಪರೀಕ್ಷೆಯ ಕಾಗದ ಬರುವವರೆಗೆ ಹಳೇ ಟಯರುಗಳನ್ನು ಕಾಯುವ ಕೆಲಸಕ್ಕೆ ಹಾಕಿದರು.

ಟೀಚರಮ್ಮನ ಕಥೆ ಇನ್ನೂ ಕಷ್ಟದ್ದು.

“ಇವರಿಗೆ ನೀವು ಏನಾಗ್ಬೇಕು?” ಎಂದ ಗುಮಾಸ್ತ ಫೋಟೋ ತೋರಿಸಿ.

“ನಾನೇ ಕಣಪ್ಪ ಅದು.”

“ನೋಡೀಮ್ಮಾ, ಇದರಲ್ಲಿ ಕಣ್ಣು ಮುಚ್ಚಿದಾರೆ. ಕಣ್ಣು ಮುಚ್ಚಿದವರಿಗೆ ಬೇರೆ ಫಾರಂ.”

“ಅಯ್ಯೋ, ನಾನು ನಿನ್ನ ಎದುರಿಗೇ ನಿಂತಿದೀನಲ್ಲಪ್ಪ!”

“ನೀವು ನಿಂತಿರೋದನ್ನ ಫೈಲಿಗೆ ಅಂಟಿಸೋಕಾಗಲ್ಲಮ್ಮ. ಫೋಟೋನೇ ಅಂಟಿಸ್ಬೇಕು. ಮನೆಯವರು ಯಾರಾದ್ರೂ ಇದ್ರೆ ಬಿಳಿ ಫಾರಂ ತಗೊಂಡು ಹೋಗೋಕೆ ಹೇಳಿ.”

ಹೀಗೆ ಮೂವತ್ತೇಳು ಅರ್ಜಿಗಳು ಒಂದರ ಮೇಲೊಂದು ವಾಪಸು ಬಂದವು. ಕಾಲೇಜಿಗೆ ಸೇರುವ ಹುಡುಗಿಯನ್ನು, ‘ಮನೆಯಲ್ಲಿ ಹೊಡೆಯುತ್ತಾರೆಯೇ?’ ಎಂದು ವಿಚಾರಿಸಲು ಇಬ್ಬರು ಅಧಿಕಾರಿಗಳು ಬಂದುಹೋದರು. ವಿದೇಶಕ್ಕೆ ಹೊರಟಿದ್ದ ಬಡಗಿಯೊಬ್ಬನಿಗೆ, ‘ಹೋಗಲು ಅರ್ಜಿದಾರರಿಗೆ ಮನಸ್ಸಿದ್ದಂತೆ ಕಾಣುವುದಿಲ್ಲ’ ಎಂದು ಷರಾ ಬಿತ್ತು. ಕೊನೆಗೆ ಕಚೇರಿಯ ಸೂಪರಿಂಟೆಂಡೆಂಟರು ಒಂದು ಆದೇಶ ಹೊರಡಿಸಿದರು: ಹಿಂಬದಿಯಲ್ಲಿ ಅಲ್ಲಾಡಬೇಡಿಯವರ ಸ್ಟುಡಿಯೋದ ಮೊಹರಿರುವ ಯಾವ ಫೋಟೋವನ್ನೂ ಇನ್ನು ಮುಂದೆ ಸ್ವೀಕರಿಸತಕ್ಕದ್ದಲ್ಲ.

ಮರುದಿನ ಬೆಳಗ್ಗೆ ಸ್ಟುಡಿಯೋದ ಮುಂದೆ ಜನ ಸೇರಿದರು. ಇಸ್ತ್ರಿಯವನು ಕಾದ ಪೆಟ್ಟಿಗೆ ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದ. ಅವನು ಬಂದದ್ದು ನೋಡಲಿಕ್ಕೋ ನ್ಯಾಯ ಹೇಳಲಿಕ್ಕೋ ತಿಳಿಯದೆ ಎಲ್ಲರೂ ಅವನಿಂದ ಎರಡು ಹೆಜ್ಜೆ ದೂರ ನಿಂತರು.

“ಟಯರು ಕಾಯ್ತಾ ಇದೀನಿ ಸಾರ್ ನಾನು!” ಎಂದು ಡ್ರೈವರ್ ಕೂಗಿದ. “ಓಡದೇ ಇರೋ ಟಯರು!”

“ನಮ್ಮತ್ತೆ ಬದುಕಿರೋವಾಗಲೇ ಸತ್ತೋಗಿದಾರೆ ಅಂತ ಕಾಗದ ಬಂದಿದೆ,” ಎಂದ ಟೀಚರಮ್ಮನ ಸೋದರಳಿಯ. “ಅದನ್ನ ಅವರ ಕೈಗೇ ಕೊಟ್ಟು ಸೈನ್ ಹಾಕಿಸಿಕೊಂಡ್ರು!”

ಟೀಚರಮ್ಮ ಅವನ ಪಕ್ಕದಲ್ಲೇ ನಿಂತಿದ್ದರು. “ಕಾಗದದಲ್ಲಿ ಮೂರು ಕಾಗುಣಿತದ ತಪ್ಪಿದ್ವು,” ಎಂದು ಅಷ್ಟೇ ಹೇಳಿದರು.

ಅಲ್ಲಾಡಬೇಡಿಯವರು ಕೈಮುಗಿದರು. ತಪ್ಪಾಯಿತು, ಎಲ್ಲ ಫೋಟೋಗಳನ್ನೂ ವಾಪಸು ಕೊಡಿ, ಹರಿದುಹಾಕಿ ಹೊಸದು ತೆಗೆದುಕೊಡುತ್ತೇನೆ ಎಂದರು. ಯಾರೂ ಕೈ ಮುಂದೆ ಚಾಚಲಿಲ್ಲ. ಕಾಲೇಜು ಹುಡುಗಿ ತನ್ನ ಫೋಟೋ ಇದ್ದ ಪುಸ್ತಕವನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು. ಡ್ರೈವರ್ ಜೇಬಿನ ಮೇಲೆ ಕೈ ಇಟ್ಟುಕೊಂಡು ಸ್ವಲ್ಪ ತಗ್ಗಿದ ದನಿಯಲ್ಲಿ, “ಇದು ಮನೇಲಿರ್ಲಿ ಸಾರ್. ಆದ್ರೆ ಲೈಸೆನ್ಸಿಗೆ ಬೇರೆ ಬೇಕು. ನಾನಲ್ಲದ್ದು ಒಂದು ತೆಗೀರಿ,” ಎಂದ.

ಆದರೆ ತೆಗೆಯುವ ಹಾಗೆಯೇ ಇರಲಿಲ್ಲ; ಮೊಹರಿಗೆ ಬಹಿಷ್ಕಾರ ಬಿದ್ದಿತ್ತು. ಅದೇ ಮಧ್ಯಾಹ್ನ ಜೆರಾಕ್ಸ್ ಅಕ್ಕ ತಮ್ಮ ಕಂಪ್ಯೂಟರಿನ ತಲೆಗೆ ಗೋಲಿ ಗಾತ್ರದ ಒಂದು ಕ್ಯಾಮೆರಾ ಸಿಕ್ಕಿಸಿ ಬಾಗಿಲಿಗೆ ಬೋರ್ಡು ಹಾಕಿದರು: ‘ಇಲ್ಲಿ ಫೋಟೋ ತೆಗೆಯಲಾಗುವುದು. ಪ್ರಶ್ನೆ ಕೇಳುವುದಿಲ್ಲ.’

ಸರದಿ ಆ ಕಡೆಗೆ ತಿರುಗಿತು. ಮೂರು ವಾರ ಅಲ್ಲಾಡಬೇಡಿಯವರ ಸ್ಟೂಲಿನ ಮೇಲೆ ಯಾರೂ ಕೂರಲಿಲ್ಲ. ಅವರು ಬೆಳಗ್ಗೆ ಅಂಗಡಿ ತೆಗೆದು, ದೀಪಗಳ ಧೂಳು ಒರೆಸಿ, ಕರಿ ಕೋಟನ್ನು ಬಿಸಿಲಿಗೆ ಹಾಕಿ, ಒಳಗೆ ತಂದು, ಮತ್ತೆ ಬಿಸಿಲಿಗೆ ಹಾಕಿದರು. ಬಾಮೈದ ಬಂದು ಸಮಾಧಾನ ಹೇಳಿದ. “ಕಲಾವಿದ ಅಂದ್ಮೇಲೆ ಕಷ್ಟ ಬರಲೇಬೇಕು ಭಾವ. ಈಗ ನಿಮ್ಮ ಮುಖದಲ್ಲಿ ಒಳ್ಳೇ ಭಾವ ಇದೆ, ಒಂದು ನಿಮಿಷ ಹಾಗೇ ಇರಿ,” ಎಂದು ತನ್ನ ಮೊಬೈಲು ಎತ್ತಿದ. ಅಲ್ಲಾಡಬೇಡಿಯವರು ಎದ್ದು ಒಳಗೆ ಹೋಗಿ ಪರದೆ ಎಳೆದುಕೊಂಡರು. ಒಳಗೆ ಮನೆಯಾಕೆ, “ಎಷ್ಟು ದಿನ ಅಂತ ಹೀಗೆ ಕೂರ್ತೀರಿ? ಆ ಆಫೀಸರ್ ಹತ್ರ ಹೋಗಿ ತಪ್ಪಾಯ್ತು ಅನ್ನಿ,” ಎಂದರು.

ಸೂಪರಿಂಟೆಂಡೆಂಟರು ಎದುರಿಗೆ ಕುರ್ಚಿ ಇಟ್ಟುಕೊಳ್ಳದ ಅಧಿಕಾರಿ. ಬಂದವರು ನಿಂತೇ ಮಾತು ಮುಗಿಸಿದರೆ ಫೈಲು ಬೇಗ ಸಾಗುತ್ತದೆಂಬುದು ಅವರ ಅನುಭವ. ಮೇಜಿನ ಮೇಲೆ ಮೂವತ್ತೇಳು ಫೋಟೋಗಳ ನಕಲುಗಳನ್ನು ಇಸ್ಪೀಟೆಲೆಯಂತೆ ಹರಡಿಕೊಂಡಿದ್ದರು.

“ಇದೇನ್ರೀ ಇದು?”

“ಭಾವ, ಸಾರ್.”

“ನಮ್ಮ ಕಚೇರಿಗೆ ಬರೋರ ಮುಖದಲ್ಲಿ ದುಃಖ ಇರುತ್ತೆ ಅಂತ ನಮಗೇನು ಗೊತ್ತಿಲ್ವಾ? ದಿನಾ ನೋಡ್ತೀವಿ. ಅದನ್ನ ಚೀಟಿ ಮೇಲೆ ತರಬಾರದು ಅಷ್ಟೇ. ನಿಯಮ ಓದಿದೀರಾ? ಮುಖ ನೇರವಾಗಿರಬೇಕು. ನಡುವೆ ಇರಬೇಕು. ಮುಖದಲ್ಲಿ ಏನೂ ಇರಕೂಡದು.”

“ಏನೂ ಅಂದ್ರೆ...”

“ಏನೂ ಅಂದ್ರೆ ಏನೂ! ಕಣ್ಣು, ಮೂಗು, ಬಾಯಿ ಬಿಟ್ಟು.”

ಅಲ್ಲಾಡಬೇಡಿಯವರು ಬೇಡಿಕೊಂಡರು. ಇಪ್ಪತ್ತಾರು ವರ್ಷದ ಸೇವೆ ನೆನಪಿಸಿದರು. ಅಧಿಕಾರಿಗಳು ಕೊನೆಗೆ ಕೊಂಚ ಇಳಿದು, “ಸರಿ. ನಿಯಮದ ಪ್ರಕಾರ ಒಂದೇ ಒಂದು ಫೋಟೋ ತೆಗೆದು ತೋರಿಸಿ. ಆಮೇಲೆ ನೋಡೋಣ,” ಎಂದರು.

ಒಂದು ಫೋಟೋ ತೆಗೆಯಲು ಒಂದು ಮುಖ ಬೇಕು. ಬೀದಿಯಲ್ಲಿ ಯಾರೂ ಆ ಸ್ಟೂಲಿನ ಹತ್ತಿರ ಸುಳಿಯಲು ಸಿದ್ಧರಿರಲಿಲ್ಲ. ಪುಣ್ಯಕ್ಕೆ ಮನೆಯಾಕೆಯ ಚೀಟಿಯ ಅವಧಿ ಆ ತಿಂಗಳಿಗೇ ಮುಗಿಯುತ್ತಿತ್ತು.

“ಬೇಗ ಮುಗಿಸಿ, ಒಲೆ ಮೇಲೆ ಹಾಲಿದೆ,” ಎನ್ನುತ್ತ ಆಕೆ ಪರದೆ ಸರಿಸಿ ಬಂದು, ಕೈ ಒರೆಸಿಕೊಂಡು, ಸ್ಟೂಲಿನ ಮೇಲೆ ಕೂತರು. ಅಲ್ಲಾಡಬೇಡಿಯವರು ಮುಖವನ್ನು ನಡುವೆ ಕೂರಿಸಿ, ಎರಡೂ ದೀಪ ಹಾಕಿ, ನಿಯಮದಂತೆ ಒಂದು ತೆಗೆದರು. ಅರ್ಧ ನಿಮಿಷವೂ ಹಿಡಿಯಲಿಲ್ಲ. ಆಕೆ ಎದ್ದರು.

“ಇನ್ನೊಂದು,” ಎಂದರು ಅಲ್ಲಾಡಬೇಡಿಯವರು.

“ಯಾಕೆ? ಕಣ್ಣು ಮುಚ್ಚಿದ್ನಾ?”

“ಇಲ್ಲ. ಅದು ಆಫೀಸಿಗೆ. ಇದು... ನನಗೆ.”

ಆಕೆ ಮತ್ತೆ ಕೂತರು. ಅಲ್ಲಾಡಬೇಡಿಯವರಿಗೆ ಆಗ ಹೊಳೆಯಿತು: ಮದುವೆಯಾಗಿ ಇಪ್ಪತ್ತಮೂರು ವರ್ಷ, ಊರಿನವರ ಮುಖವನ್ನೆಲ್ಲ ತೆಗೆದಾಯಿತು, ಇವಳದು ಚೀಟಿಗೆ ಬಿಟ್ಟರೆ ಒಂದೂ ತೆಗೆದಿಲ್ಲ. ಕುರ್ಚಿ ಎಳೆದುಕೊಂಡು ಹತ್ತಿರ ಕೂತರು. ಕಣ್ಣಲ್ಲಿ ಕಣ್ಣಿಟ್ಟರು. ಆಕೆಯೂ ಇಟ್ಟರು, ಅಂಗಡಿಯವನು ಚಿಲ್ಲರೆ ಕೊಡಲೆಂದು ಕಾಯುವವರಂತೆ.

“ನಿನಗೆ ಜೀವನದಲ್ಲಿ ತುಂಬಾ ಸಂತೋಷ ಆದ ದಿನ ಯಾವ್ದು?”

“ಯಾಕೆ?”

“ಹೇಳು, ಯೋಚಿಸು.”

ಅಲ್ಲಾಡಬೇಡಿಯವರು ಗುಂಡಿಯ ಮೇಲೆ ಬೆರಳಿಟ್ಟು ಕಾದರು. ಒಂದು ನಿಮಿಷ ಕಳೆಯಿತು. ಎರಡಾಯಿತು.

“ಯೋಚಿಸ್ತಿದೀಯಾ?”

“ಇಲ್ಲ. ನೀವು ಯಾವಾಗ ಮುಗಿಸ್ತೀರಿ ಅಂತ ಕಾಯ್ತಿದೀನಿ.”

ಸಂತೋಷ ಆಗಲಿಲ್ಲ, ದುಃಖ ನೋಡೋಣ ಎಂದುಕೊಂಡರು. “ನಾನು ನಾಳೆಯಿಂದ ಇರೋದಿಲ್ಲ ಅಂತ ಅಂದ್ಕೋ.”

“ಎಲ್ಲಿಗೆ ಹೋಗ್ತೀರಿ?”

“ಎಲ್ಲಿಗೂ ಅಲ್ಲ. ಹೋಗೇ ಬಿಟ್ಟೆ ಅಂತ. ಈ ಮನೇಲಿ ನೀನೊಬ್ಬಳೇ ಅಂತ.”

“ಹೋಗೋ ಮುಂಚೆ ಗ್ಯಾಸ್ ಬುಕ್ ಮಾಡಿ ಹೋಗಿ. ನಂಬರ್ ನಿಮ್ಮ ಫೋನಲ್ಲೇ ಇರೋದು.”

ಕ್ಲಿಕ್. ಕ್ಲಿಕ್. ಅವರು ಬೆವರು ಒರೆಸಿಕೊಂಡು ಮದುವೆಯಾದ ಹೊಸ ದಿನಗಳಿಗೆ ಹೋದರು. ಇಬ್ಬರೂ ಮೊದಲ ಸಲ ರೈಲಿನಲ್ಲಿ ಹೋದದ್ದು, ಕಿಟಕಿಯ ಪಕ್ಕ ಆಕೆಯ ಕೂದಲು ಹಾರಿದ್ದು, ತಾವು ಮಾತಾಡಲು ಹೆದರಿ ಮೂರು ಸ್ಟೇಷನ್ನು ಸುಮ್ಮನೆ ಕೂತಿದ್ದು, ಎಲ್ಲವನ್ನೂ ಹೇಳಿದರು. ಹೇಳುತ್ತ ಹೇಳುತ್ತ ಅವರದೇ ಕಣ್ಣು ಮಂಜಾಗಿ ಕ್ಯಾಮೆರಾದ ಕಿಂಡಿಯಲ್ಲಿ ಏನೂ ಕಾಣದಂತಾಯಿತು. ಆದರೂ ಒತ್ತುತ್ತಲೇ ಹೋದರು.

“ನೆನಪಿದೆಯಾ?” ಎಂದರು ಕೊನೆಗೆ.

“ಹೂಂ,” ಎಂದರು ಆಕೆ. “ಹಾಲು ಉಕ್ತು.” ಎದ್ದು ಒಳಗೆ ಹೋದರು.

ನಲವತ್ತೊಂದು ಫೋಟೋ. ಅಲ್ಲಾಡಬೇಡಿಯವರು ಅಷ್ಟನ್ನೂ ಪ್ರಿಂಟು ಹಾಕಿ ಮೇಜಿನ ಮೇಲೆ ಸಾಲಾಗಿ ಜೋಡಿಸಿ ಭೂತಗನ್ನಡಿ ಹಿಡಿದು ಕೂತರು. ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ಹದಿನೇಳನೆಯದರಲ್ಲಿ ಮಾತ್ರ ಹುಬ್ಬಿನ ಹತ್ತಿರ ಏನೋ ಇದ್ದಂತೆ ಕಂಡು ಅವರ ಎದೆ ಹಾರಿತು. ಕನ್ನಡಿ ಹತ್ತಿರ ಹಿಡಿದರೆ ಅದು ನೊಣ. ಈ ಜೋಡಿಸಾಟದಲ್ಲಿ ಆಫೀಸಿಗೆಂದು ತೆಗೆದದ್ದು ಯಾವುದು, ತಮಗೆಂದು ತೆಗೆದದ್ದು ಯಾವುದು ಎಂಬುದೂ ಕಲಸಿಹೋಯಿತು. ಕಣ್ಣು ಮುಚ್ಚಿ ಒಂದನ್ನು ಎತ್ತಿಕೊಂಡು ಕಚೇರಿಗೆ ಹೋದರು.

ಸೂಪರಿಂಟೆಂಡೆಂಟರು ಫೋಟೋ ಕೈಗೆ ತೆಗೆದುಕೊಂಡರು. ಕನ್ನಡಕ ತೆಗೆದರು, ಹಾಕಿದರು. ಕಿಟಕಿಯ ಬೆಳಕಿಗೆ ಹಿಡಿದರು. ಮೂರನೆಯ ಕೌಂಟರಿನ ಗುಮಾಸ್ತನನ್ನು ಕರೆಸಿದರು. “ನೋಡಯ್ಯ ಇದನ್ನ. ಏನಾದ್ರೂ ಕಾಣುತ್ತಾ?”

“ಏನೂ ಇಲ್ಲ ಸಾರ್,” ಎಂದ ಗುಮಾಸ್ತ ಬೆರಗಿನಿಂದ.

“ಅದೇ! ಸಂತೋಷ ಇಲ್ಲ, ದುಃಖ ಇಲ್ಲ, ಕೋಪ ಇಲ್ಲ, ಬೇಸರವೂ ಇಲ್ಲ. ನನ್ನ ಇಡೀ ಸರ್ವಿಸಲ್ಲಿ ಇಷ್ಟು ಶುದ್ಧವಾದ ಮುಖ ನೋಡಿಲ್ಲ. ಇದನ್ನ ದೊಡ್ಡದು ಮಾಡಿಸಿ ನೋಟಿಸ್ ಬೋರ್ಡಿಗೆ ಹಾಕು. ಜನಕ್ಕೆ ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಫೋಟೋ ಅಂದ್ರೆ ಹೀಗಿರಬೇಕು ಅಂತ ಬರೆದು ಹಾಕು.” ಆಮೇಲೆ ಅಲ್ಲಾಡಬೇಡಿಯವರ ಕಡೆ ತಿರುಗಿ, “ಭೇಷ್! ಹೇಗ್ರೀ ಸಾಧಿಸಿದ್ರಿ? ಯಾರು ಇವರು?” ಎಂದರು.

“ನನ್ನ ಹೆಂಡತಿ ಸಾರ್,” ಎಂದರು ಅಲ್ಲಾಡಬೇಡಿಯವರು.

ಗುಮಾಸ್ತ ತನ್ನ ಚಪ್ಪಲಿ ನೋಡತೊಡಗಿದ. ಸೂಪರಿಂಟೆಂಡೆಂಟರು ಎದ್ದು, ತಮ್ಮ ಕುರ್ಚಿಯನ್ನೇ ಮೇಜಿನ ಸುತ್ತ ತಳ್ಳಿಕೊಂಡು ಬಂದು, “ಕೂತ್ಕೊಳ್ಳಿ,” ಎಂದರು. ಗುಮಾಸ್ತನಿಗೆ ನೀರು ತರಲು ಹೇಳಿ ಹೊರಗೆ ಕಳಿಸಿದರು. ಬಾಗಿಲು ಮುಚ್ಚಿದ ಮೇಲೆ, ನಿಂತುಕೊಂಡೇ, ತಗ್ಗಿದ ದನಿಯಲ್ಲಿ ಹೇಳಿದರು: “ನಮ್ಮನೇಲೂ ಇದೇ ಕಣ್ರೀ.”

ಆ ದಿನ ಮಧ್ಯಾಹ್ನವೇ ಬಹಿಷ್ಕಾರ ರದ್ದಾಯಿತು. ಒಂದು ವಾರದೊಳಗೆ ಸರದಿ ಜೆರಾಕ್ಸ್ ಅಕ್ಕನ ಬಾಗಿಲಿನಿಂದ ಕಳಚಿಕೊಂಡು ಸ್ಟುಡಿಯೋಗೆ ವಾಪಸು ಬಂತು. ಬಂದವರೆಲ್ಲರದೂ ಒಂದೇ ಬೇಡಿಕೆ: ಆಫೀಸಿನ ಬೋರ್ಡಿನಲ್ಲಿರುವ ಆ ಅಮ್ಮನ ಹಾಗೆ. ಡ್ರೈವರ್ ಬಂದ, ಟೀಚರಮ್ಮ ಬಂದರು, ಕಾಲೇಜು ಹುಡುಗಿ ಬಂದಳು. ಅಲ್ಲಾಡಬೇಡಿಯವರು ಪ್ರಮಾಣಪತ್ರವನ್ನು ಗೋಡೆಯಿಂದ ಇಳಿಸಿ ನೀಲಿ ಬಟ್ಟೆಯ ಹಿಂದೆ ಇಟ್ಟರು.

ಬೋರ್ಡಿನ ಅಮ್ಮ ಇದೇ ಮನೆಯವರೆಂದು ತಿಳಿದ ಮೇಲೆ ಜನ ಪರದೆಯ ಒಳಗೇ ಇಣುಕತೊಡಗಿದರು. ಹಾಗಾಗಿ ಆಕೆ ಬೆಳಗ್ಗೆ ಕೆಲಸ ಮುಗಿಸಿ, ಹೊರಗಿನ ಬೆಂಚಿನ ಮೇಲೆ ಬಂದು ಕೂರುವುದು ರೂಢಿಯಾಯಿತು. ಗಿರಾಕಿಗಳಿಗೆ ಮುಖ ಹೇಗೆ ಇಟ್ಟುಕೊಳ್ಳಬೇಕೆಂದು ತಾವೇ ಹೇಳಿಕೊಡುತ್ತಿದ್ದರು. “ಹುಬ್ಬು ಬಿಗಿ ಮಾಡ್ಬೇಡಿ. ತುಟಿ ಸಡಿಲ ಬಿಡಿ. ಕಣ್ಣು ತೆಗೆದಿರ್ಲಿ, ಆದ್ರೆ ನೋಡ್ಬೇಡಿ.” ಹೆಂಗಸರು ಸುತ್ತ ಸೇರಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ಅಭ್ಯಾಸ ಮಾಡುವುದು, ಆಗದೆ ಹೋಗುವುದು, ನಗುವುದು.

ಒಂದು ದಿನ ಒಳಗೆ ದೀಪ ಸರಿಪಡಿಸುತ್ತಿದ್ದ ಅಲ್ಲಾಡಬೇಡಿಯವರಿಗೆ ಹೊರಗಿನಿಂದ ಒಂದು ನಗು ಕೇಳಿಸಿತು. ದೊಡ್ಡ ನಗು, ಹೊಟ್ಟೆಯಿಂದ ಬಂದದ್ದು, ಉಸಿರು ಸಿಗದೆ ನಡುವೆ ಒಂದು ಸಲ ಗೊರಕೆಯಂತೆ ಸದ್ದು ಮಾಡಿದ್ದು. ಯಾರದೆಂದು ಗುರುತು ಹತ್ತದೆ ಕ್ಯಾಮೆರಾ ಹಿಡಿದುಕೊಂಡೇ ಬಾಗಿಲಿಗೆ ಬಂದರು. ನಗುತ್ತಿದ್ದವರು ಮನೆಯಾಕೆ. ತಲೆ ಹಿಂದಕ್ಕೆ ಚೆಲ್ಲಿ, ಒಂದು ಕೈ ಪಕ್ಕದವಳ ತೊಡೆಯ ಮೇಲಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು.

ಆಕೆ ಇವರನ್ನು ಕಂಡರು. ನಗು ನಿಂತಿತು. “ಏನು? ನೀರು ಬೇಕಾ?”

“ಇಲ್ಲ,” ಎಂದರು ಅಲ್ಲಾಡಬೇಡಿಯವರು. “ಮುಂದಿನವರು ಬರ್ಲಿ ಅಂತ.”

ಮುಂದಿನವಳು ಹೊಸದಾಗಿ ಮದುವೆಯಾದ ಹುಡುಗಿ; ಗಂಡನ ಮನೆಯ ವಿಳಾಸಕ್ಕೆ ಚೀಟಿ ಬದಲಾಯಿಸಬೇಕಿತ್ತು. ಒಳಗೆ ಬಂದು ಸ್ಟೂಲಿನ ಮೇಲೆ ಕೂತಳು. ಎಷ್ಟು ಪ್ರಯತ್ನಪಟ್ಟರೂ ತುಟಿಯ ಕೊನೆಯಲ್ಲಿ ಏನೋ ಒಂದು ಉಳಿದೇ ಉಳಿಯುತ್ತಿತ್ತು. ಒರೆಸಿದರೂ ಹೋಗದ ಕಲೆಯ ಹಾಗೆ. ಕೊನೆಗೆ ಅವಳು ಸೋತು, ಬಾಗಿಲಿಗೆ ಬಂದು ನಿಂತಿದ್ದ ಮನೆಯಾಕೆಯನ್ನು ಕೇಳಿದಳು.

“ಆಂಟಿ, ನನಗೆ ಆಗ್ತಾನೇ ಇಲ್ಲ. ನೀವು ಹೇಗೆ ಅಷ್ಟು ಚೆನ್ನಾಗಿ ಇಟ್ಕೊಂಡ್ರಿ?”

“ಬರುತ್ತೆ ಬಿಡಮ್ಮ,” ಎಂದರು ಆಕೆ, ಹುಡುಗಿಯ ಕೆನ್ನೆಯ ಮೇಲೆ ಬಿದ್ದ ಕೂದಲನ್ನು ಹಿಂದಕ್ಕೆ ಸರಿಸುತ್ತ. “ಅವಸರ ಇಲ್ಲ. ನನಗೂ ಇಪ್ಪತ್ತಮೂರು ವರ್ಷ ಹಿಡೀತು.”

ಅಲ್ಲಾಡಬೇಡಿಯವರು ಸರಿಯಾಗಿಯೇ ಇದ್ದ ದೀಪವನ್ನು ಇನ್ನೊಮ್ಮೆ ಸರಿಪಡಿಸಲು ಹೋದರು.